ಕಾಗೋಡಿನ ಕೊಳಗ, ಶಿಯಾವ್‌ಗಾಂಗಿನ ಹೆಬ್ಬೆಟ್ಟು

ಕೇಳುಗರೇ, ನಮಸ್ಕಾರ.

ಸಮಾಜವಾದ ಮೇಲೋ, ಬಂಡವಾಳಶಾಹಿ ಮೇಲೋ ಎಂಬ ವಾದ ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಒಂದು ಪಕ್ಷದವರು ಸ್ಟಾಲಿನ್ ಕಾಲದ ಕ್ಷಾಮವನ್ನು ಮುಂದಿಡುತ್ತಾರೆ. ಎದುರು ಪಕ್ಷದವರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ದುಡಿದ ಮಕ್ಕಳ ಕಥೆ ಹೇಳುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಈ ವಾದದಲ್ಲಿ ಬಾಯಿ ತೆರೆಯುವವರು ಯಾವಾಗಲೂ ಓದಿದವರು. ಗದ್ದೆಯಲ್ಲಿ ನಿಂತವರಿಗೆ ಏನು ಬೇಕಿತ್ತು ಎಂದು ಕೇಳಿದವರು ಕಡಿಮೆ. ಅವರಾಗಿಯೇ ತಮಗೆ ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಿದ ಎರಡು ಸಂದರ್ಭಗಳಿವೆ. ಒಂದು ನಮ್ಮದೇ ಸಾಗರ ತಾಲ್ಲೂಕಿನ ಕಾಗೋಡು, 1951. ಇನ್ನೊಂದು ಚೀನಾದ ಅನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್, 1978. ಆ ಹಳೆಯ ವಾದವನ್ನು ಈ ಎರಡು ಊರುಗಳ ಗದ್ದೆಬದುವಿನ ಮೇಲೆ ನಿಂತು ನೋಡೋಣ.

ಕಾಗೋಡಿನ ಹೋರಾಟದ ಬೇರು ಒಂದು ಅಳತೆಯ ಪಾತ್ರೆಯಲ್ಲಿದೆ. ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದ ಮೇಲೆ ಗೇಣಿಯನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕಿತ್ತು. ಅಳೆಯುವ ಕೊಳಗವೂ ಒಡೆಯರದೇ. ಅದು ಗೊತ್ತುಪಡಿಸಿದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೂ ಇಪ್ಪತ್ತು ಕೊಳಗದ ಒಂದು ಖಂಡುಗಕ್ಕೆ ಹತ್ತು ಸೇರು ಹೆಚ್ಚಾಯಿತು. ಹತ್ತು ಖಂಡುಗ ಗೇಣಿ ಕೊಡುವ ಮನೆಯಿಂದ ನೂರು ಸೇರು ಭತ್ತ ಯಾವ ಕರಾರಿನಲ್ಲೂ ಕಾಣಿಸದೆ ಹೊರಟುಹೋಯಿತು. ಮಳೆಗಾಲದ ಮಲೆನಾಡಿನಲ್ಲಿ ನೂರು ಸೇರು ಭತ್ತವೆಂದರೆ ಮಕ್ಕಳ ಗಂಜಿ. ಇದರ ಜೊತೆಗೆ ಒಡೆಯರ ಮನೆಯ ಬಿಟ್ಟಿ ಕೆಲಸ ಬೇರೆ.

ಗೇಣಿದಾರರಲ್ಲಿ ಹೆಚ್ಚಿನವರು ಮಲೆನಾಡಿನ ದೀವರ ಸಮುದಾಯದವರು. ಅವರನ್ನು ರೈತಸಂಘವಾಗಿ ಕಟ್ಟಿದವರು ಎಚ್. ಗಣಪತಿಯಪ್ಪ. ನ್ಯಾಯವಾದ ಅಳತೆ ಕೇಳಿದ್ದಕ್ಕೆ ಸಿಕ್ಕ ಉತ್ತರ, ಇನ್ನು ನಿಮಗೆ ಗದ್ದೆಯೇ ಇಲ್ಲ ಎಂಬುದು. ಆಗ 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೆ ಇಳಿದರು. ಪೊಲೀಸರು ಹಿಡಿದೊಯ್ದರು. ಮಾರನೆಯ ದಿನ ಇನ್ನೊಂದು ತಂಡ ಇಳಿಯಿತು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಇವರನ್ನು ಜೈಲಿಗೆ ಕಳಿಸಿದ್ದು ಬ್ರಿಟಿಷರಲ್ಲ, ಸ್ವತಂತ್ರ ಭಾರತದ ಸರ್ಕಾರ ಎಂಬುದನ್ನು ಮರೆಯಬಾರದು.

ಬಂಡವಾಳಶಾಹಿಯ ಪರ ಮಾತಾಡುವವರು ಕರಾರಿನ ಸ್ವಾತಂತ್ರ್ಯದ ಬಗ್ಗೆ ಹೇಳುತ್ತಾರೆ. ಇಬ್ಬರು ಒಪ್ಪಿ ಮಾಡಿಕೊಂಡ ವ್ಯವಹಾರದಲ್ಲಿ ಮೂರನೆಯವನು ಯಾಕೆ ತಲೆ ಹಾಕಬೇಕು ಎನ್ನುತ್ತಾರೆ. ಈ ವಾದಕ್ಕೆ ಬಲವಿದೆ, ಇಬ್ಬರೂ ಎದ್ದು ಹೋಗಬಲ್ಲವರಾಗಿದ್ದರೆ. ಕಾಗೋಡಿನ ಗೇಣಿದಾರ ಎದ್ದು ಎಲ್ಲಿಗೆ ಹೋಗಬೇಕಿತ್ತು? ಪಕ್ಕದ ಊರಿನ ಗದ್ದೆಗೂ ಒಡೆಯರಿದ್ದರು, ಅವರ ಕಣದಲ್ಲೂ ಕೊಳಗವಿತ್ತು. ಇದನ್ನು ಮಾರ್ಕ್ಸ್‌ನಿಂದ ಕಲಿಯಬೇಕಾಗಿಲ್ಲ. ಬಂಡವಾಳಶಾಹಿಯ ಗುರುವೆಂದು ಎಲ್ಲರೂ ಹೆಸರಿಸುವ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ: ಕೆಲಸ ನಿಂತರೆ ಧಣಿ ಕೂಡಿಟ್ಟದ್ದನ್ನು ತಿಂದು ಒಂದೆರಡು ವರ್ಷ ಕಳೆಯಬಲ್ಲ, ಕೂಲಿಯಾಳುಗಳಲ್ಲಿ ಹಲವರು ಒಂದು ವಾರವನ್ನೂ ಕಳೆಯಲಾರರು. ಹಸಿವಿಗೆ ಇಷ್ಟು ಹತ್ತಿರ ಇರುವವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಗೋಪಾಲಗೌಡರು 1952ರ ಚುನಾವಣೆಯಲ್ಲಿ ಗೆದ್ದು ಶಾಸಕರಾದರು, ಗೇಣಿದಾರರ ಪ್ರಶ್ನೆಯನ್ನು ವಿಧಾನಸಭೆಯೊಳಕ್ಕೆ ಒಯ್ದರು. ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಎರಡು ವರ್ಷವೂ ಅಂತರವಿಲ್ಲ. ಆ ದಿನವನ್ನು ಅವರು ನೋಡಬೇಕಿತ್ತು.

ಆ ಕಾಯ್ದೆ ಕೆಲಸ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೇಣಿಗೆ ಕೊಟ್ಟ ಜಮೀನೆಲ್ಲ ಮೊದಲು ಸರ್ಕಾರಕ್ಕೆ ಸೇರಿತು. ಆಮೇಲೆ ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ, ಈ ಸರ್ವೆ ನಂಬರಿನ ಇಷ್ಟು ಎಕರೆ ನನ್ನ ಸಾಗುವಳಿಯಲ್ಲಿದೆ ಎಂದು ಅರ್ಜಿ ಹಾಕಬೇಕಿತ್ತು. ವಿಚಾರಣೆ ನಡೆದದ್ದು ಭೂನ್ಯಾಯ ಮಂಡಳಿಯ ಮುಂದೆ. ಅಲ್ಲಿ ಉಪವಿಭಾಗಾಧಿಕಾರಿಯ ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರೂ ಇರುತ್ತಿದ್ದರು, ವಕೀಲರಿಗೆ ಪ್ರವೇಶವಿರಲಿಲ್ಲ. ಈ ಕೊನೆಯ ಮಾತು ಬಹಳ ದೊಡ್ಡದು. ಗೇಣಿಗೆ ರಶೀದಿಯೇ ಇಲ್ಲದವನು ಒಡೆಯರ ವಕೀಲರ ಎದುರು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಅವನ ಆಧಾರವೆಂದರೆ ಪಹಣಿಯ ಸಾಗುವಳಿದಾರನ ಕಲಮಿನಲ್ಲಿ ಬರೆದ ಹೆಸರು, ಅದೂ ಇಲ್ಲದಿದ್ದರೆ ಅಕ್ಕಪಕ್ಕದ ಗದ್ದೆಯವರ ಸಾಕ್ಷಿ. ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಕಡೆಗಾದವು.

ಇಲ್ಲಿ ಚರ್ಚಾಸ್ಪರ್ಧೆಯ ಎರಡೂ ಪಕ್ಷಗಳು ಗಮನಿಸದ ಒಂದು ಸಂಗತಿಯಿದೆ. 'ಉಳುವವನೇ ಹೊಲದೊಡೆಯ' ಎಂದು ಕೂಗಿದವರು ಸಮಾಜವಾದಿಗಳು, ಕಮ್ಯುನಿಸ್ಟರು. ಆ ಕೂಗಿನ ಫಲವೇನು? ಕರ್ನಾಟಕದಲ್ಲಿ ಲಕ್ಷಾಂತರ ಹೊಸ ಖಾಸಗಿ ಒಡೆಯರು ಹುಟ್ಟಿದರು. ಒಬ್ಬರಿಗೆ ಎರಡೆಕರೆ, ಇನ್ನೊಬ್ಬರಿಗೆ ನಾಲ್ಕೆಕರೆ, ತಮ್ಮ ಹೆಸರಿನ ಖಾತೆ, ಮಗನಿಗೆ ಬಿಟ್ಟುಹೋಗಬಹುದಾದ ಆಸ್ತಿ. ನಮ್ಮ ನಾಡಿನ ಸಮಾಜವಾದದ ಅತಿದೊಡ್ಡ ಗೆಲುವು ಖಾಸಗಿ ಆಸ್ತಿಯನ್ನು ಹಂಚಿದ್ದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನು ಸಮಾಜವಾದವನ್ನು ನಂಬಿದವನು. ಆ ನಂಬಿಕೆಯಿಂದಲೇ ಈ ಎರಡೆಕರೆಯ ಆಸ್ತಿಯ ಪರ ನಿಲ್ಲುತ್ತೇನೆ.

ಈಗ ಶಿಯಾವ್‌ಗಾಂಗಿಗೆ ಹೋಗೋಣ. ಅಲ್ಲಿ ಒಡೆಯರೇ ಇರಲಿಲ್ಲ. ಕ್ರಾಂತಿ ಅವರನ್ನು ಎಂದೋ ತೆಗೆದುಹಾಕಿತ್ತು. ಭೂಮಿ ಕಮ್ಯೂನಿನದು, ಅಂದರೆ ಸಾಮೂಹಿಕ ಬೇಸಾಯದ ಒಕ್ಕೂಟದ್ದು. ಎಲ್ಲರೂ ಒಟ್ಟಿಗೆ ದುಡಿಯಬೇಕು, ದಿನದ ಕೆಲಸಕ್ಕೆ ಅಂಕ ಬರೆಯುತ್ತಾರೆ, ಅಂಕದ ಮೇಲೆ ಧಾನ್ಯ ಸಿಗುತ್ತದೆ. ಕಾಗೋಡಿನ ಕೊಳಗ ಇಲ್ಲಿ ಅಂಕದ ಪುಸ್ತಕವಾಗಿ ಕಮ್ಯೂನಿನ ಕೈಗೆ ಬಂದಿತ್ತು. ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಮಾವೋ ಹೊರಡಿಸಿದ 1958ರ ಮಹಾ ಜಿಗಿತದ ದಿನಗಳಲ್ಲಿ ಮೇಲಿನವರನ್ನು ಮೆಚ್ಚಿಸಲು ಸ್ಥಳೀಯ ಅಧಿಕಾರಿಗಳು ಇಲ್ಲದ ಬೆಳೆಯನ್ನು ಇದೆಯೆಂದು ಬರೆದು ಕಳಿಸಿದರು. ಬರೆದ ಲೆಕ್ಕದ ಪ್ರಕಾರ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು, ಬೆಳೆದವರ ಕಣಜ ಬರಿದಾಯಿತು. ಅದರ ಬೆನ್ನಿಗೆ ಬಂದ ಕ್ಷಾಮದಲ್ಲಿ ಸತ್ತವರು ಕೋಟಿಗಟ್ಟಲೆ. ಅನ್‌ಹುಯಿ ಅತಿ ಹೆಚ್ಚು ಸಾವು ಕಂಡ ಪ್ರಾಂತಗಳಲ್ಲೊಂದು. ಉಳಿದವರು ಆಮೇಲೂ ವರ್ಷವರ್ಷ ಊರೂರು ತಿರುಗಿ ಭಿಕ್ಷೆ ಬೇಡುತ್ತಿದ್ದರು.

1978ರ ಚಳಿಗಾಲದ ಒಂದು ರಾತ್ರಿ ಆ ಊರಿನ ಹದಿನೆಂಟು ಮಂದಿ ರೈತರು ಮಣ್ಣಿನ ಗೋಡೆಯ ಮನೆಯೊಂದರಲ್ಲಿ ಗುಟ್ಟಾಗಿ ಸೇರಿದರು. ಒಂದು ಕಾಗದ ಬರೆದು, ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಗದ್ದೆಯನ್ನು ಮನೆಮನೆಗೆ ಹಂಚಿಕೊಳ್ಳುವುದು. ಸರ್ಕಾರಕ್ಕೆ ಸಲ್ಲಬೇಕಾದ ಧಾನ್ಯವನ್ನು ಪ್ರತಿ ಮನೆಯೂ ತಪ್ಪದೆ ಸಲ್ಲಿಸುವುದು. ಇನ್ನು ಸರ್ಕಾರದ ಮುಂದೆ ಧಾನ್ಯಕ್ಕಾಗಲಿ ಹಣಕ್ಕಾಗಲಿ ಕೈಚಾಚದಿರುವುದು. ಇದಕ್ಕಾಗಿ ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ವರ್ಷ ತುಂಬುವವರೆಗೆ ಉಳಿದವರು ಸಾಕುವುದು. ಗದ್ದೆ ಹಂಚಿಕೊಳ್ಳುವ ಕರಾರಿನಲ್ಲಿ ಮಕ್ಕಳನ್ನು ಸಾಕುವ ಮಾತು ಬರೆಯಬೇಕಾಯಿತೆಂದರೆ ಅವರ ಭಯ ಎಷ್ಟಿತ್ತು ನೋಡಿ. ಮರುವರ್ಷದ ಸುಗ್ಗಿ ಆ ಊರು ಎಷ್ಟೋ ವರ್ಷಗಳಿಂದ ಕಾಣದ ಸುಗ್ಗಿಯಾಯಿತು. ಪ್ರಾಂತದ ಪಕ್ಷ ಕಾರ್ಯದರ್ಶಿ ವಾನ್ ಲೀ ಈ ಬಗೆಯ ಬೇಸಾಯಕ್ಕೆ ರಕ್ಷಣೆ ಕೊಟ್ಟರು, ಆಮೇಲೆ ಚೀನಾದ ನಾಯಕ ದೆಂಗ್ ಶಿಯಾವೊಪಿಂಗ್ ಒಪ್ಪಿದರು. ಐದಾರು ವರ್ಷಗಳಲ್ಲಿ ಇಡೀ ಚೀನಾದ ಕಮ್ಯೂನುಗಳು ಕರಗಿಹೋದವು.

ಇದನ್ನು ಬಂಡವಾಳಶಾಹಿಯ ಗೆಲುವು ಎಂದು ಬರೆಯುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ತನ್ನ ದುಡಿಮೆಯ ಫಲ ತನ್ನ ಮನೆಗೆ ಬರುತ್ತದೆ ಎಂದು ಗೊತ್ತಿದ್ದವನು ನಸುಕಿನಲ್ಲೇ ಏಳುತ್ತಾನೆ. ಯಾರ ಉಪದೇಶವೂ ಅವನನ್ನು ಅಷ್ಟು ಬೇಗ ಎಬ್ಬಿಸಲಾರದು. ಈ ಸತ್ಯವನ್ನು ಸಮಾಜವಾದಿಗಳು ಮುಚ್ಚಿಡಬಾರದು. ಆದರೆ ಶಿಯಾವ್‌ಗಾಂಗಿನವರು ಒಡೆಯರು ಮರಳಿ ಬರಲಿ ಎಂದು ಕೇಳಲಿಲ್ಲ. ಕೊಡಬೇಕಾದ್ದು ಇಷ್ಟು ಎಂದು ಮೊದಲೇ ಹೇಳಿ, ಕೊಟ್ಟ ಮೇಲೆ ಉಳಿದದ್ದು ನಮ್ಮದಾಗಲಿ ಎಂದರು. ಕಾಗೋಡಿನವರು 1951ರಲ್ಲಿ ಕೇಳಿದ್ದೂ ಅಕ್ಷರಶಃ ಇದನ್ನೇ. ಗೇಣಿ ಕೊಡುವುದಿಲ್ಲ ಎಂದು ಅವರು ಹೊರಡಲಿಲ್ಲ, ಸರಿಯಾಗಿ ಅಳೆಯಿರಿ ಎಂದು ಹೊರಟರು. ಒಂದು ಊರಿನವರು ಧಣಿಗಳ ಎದುರು ನಿಂತರು, ಇನ್ನೊಂದು ಊರಿನವರು ಧಣಿಗಳನ್ನು ಇಲ್ಲವಾಗಿಸಿದ ಪ್ರಭುತ್ವದ ಎದುರು ನಿಂತರು. ಬೇಡಿಕೆ ಒಂದೇ.

ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಚೀನಾ ಮತ್ತು ಭಾರತಗಳನ್ನು ಹೋಲಿಸಿ ಬಹಳ ಹಿಂದೆಯೇ ತೋರಿಸಿದ್ದಾರೆ: ಚುನಾವಣೆ ಮತ್ತು ಪತ್ರಿಕೆಗಳಿದ್ದ ಭಾರತದಲ್ಲಿ ಸ್ವಾತಂತ್ರ್ಯದ ನಂತರ ಅಂಥ ಕ್ಷಾಮ ಬರಲಿಲ್ಲ, ಆದರೆ ಶಾಲೆ ಮತ್ತು ಆರೋಗ್ಯವನ್ನು ಹಳ್ಳಿಗೆ ಮುಟ್ಟಿಸುವುದರಲ್ಲಿ ಚೀನಾ ನಮಗಿಂತ ಎಷ್ಟೋ ಮುಂದಿತ್ತು. ಅಪೌಷ್ಟಿಕತೆಯಿಂದ ಸದ್ದಿಲ್ಲದೆ ಸತ್ತ ನಮ್ಮ ಕೂಸುಗಳು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ. ಹಳ್ಳಿಗೊಬ್ಬ ವೈದ್ಯ ಸಹಾಯಕ, ಹಳ್ಳಿಗೊಂದು ಶಾಲೆ ಎಂಬ ಕೆಲಸವನ್ನು ಮಾರುಕಟ್ಟೆ ತಾನಾಗಿ ಮಾಡಿದ ಉದಾಹರಣೆ ನನಗೆ ಗೊತ್ತಿಲ್ಲ.

ಕಾಗೋಡಿಗೆ ಬಂದುಹೋದ ಮರುವರ್ಷವೇ, ಸಮಾಜವಾದಿ ಪಕ್ಷದ 1952ರ ಪಚ್‌ಮಢಿ ಸಮ್ಮೇಳನದಲ್ಲಿ ಲೋಹಿಯಾ, ಬಂಡವಾಳಶಾಹಿಯೂ ಕಮ್ಯುನಿಸಂ ಕೂಡ ನಮ್ಮಂಥ ದೇಶಕ್ಕೆ ಸಮಾನವಾಗಿ ಅಪ್ರಸ್ತುತ ಎಂದು ವಾದಿಸಿದರು. ಎರಡೂ ದೊಡ್ಡ ಯಂತ್ರ, ದೊಡ್ಡ ಕೇಂದ್ರವನ್ನೇ ನೆಚ್ಚಿಕೊಂಡಿವೆ ಎಂಬುದು ಅವರ ತಕರಾರು. ಅಧಿಕಾರ ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲಬೇಕು ಎಂದರು. ಅವರ ಎಲ್ಲ ಮಾತೂ ನನಗೆ ಒಪ್ಪಿಗೆಯಲ್ಲ. ಸಣ್ಣ ಯಂತ್ರದಿಂದಲೇ ಎಲ್ಲವೂ ಆಗುತ್ತದೆ ಎಂಬುದನ್ನು ಕಾಲ ಸಮರ್ಥಿಸಲಿಲ್ಲ. ಆದರೆ ಅಳೆಯುವ ಅಧಿಕಾರ ದುಡಿಯುವವನಿಂದ ದೂರವಾದಷ್ಟೂ ಅಳತೆ ಕೆಡುತ್ತದೆ ಎಂಬ ಅವರ ಆತಂಕವನ್ನು ಈ ಎರಡು ಊರುಗಳು ಎರಡು ದಿಕ್ಕಿನಿಂದ ಸಾಬೀತುಮಾಡಿವೆ.

ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನನ್ನೇ ನೋಡಿ. ಇವತ್ತು ಅವನಿಗೆ ಎಷ್ಟು ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ತೀರ್ಮಾನಿಸುವುದು ಅವನ ಮೊಬೈಲಿನೊಳಗಿನ ಆ್ಯಪ್. ಕಾಗೋಡಿನ ಕೊಳಗ ಒಡೆಯರ ಬಳಿ ಇದ್ದ ಹಾಗೆ, ಲೆಕ್ಕದ ಸೂತ್ರ ಕಂಪನಿಯ ಬಳಿ ಇದೆ. ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

1974ರ ಕಾಯ್ದೆಯನ್ನು ಇಷ್ಟು ಹೊಗಳಿದ ಮೇಲೆ ಅದು ಯಾರನ್ನು ಬಿಟ್ಟಿತು ಎಂಬುದನ್ನೂ ಹೇಳಬೇಕು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಅವನ ಗದ್ದೆಯಲ್ಲಿ ನಾಟಿ ಮಾಡಿದ, ಕಳೆ ಕಿತ್ತ ಕೂಲಿಯವರಿಗೆ, ಅವರಲ್ಲಿ ದೊಡ್ಡ ಪಾಲಿನ ದಲಿತರಿಗೆ ಮತ್ತು ಹೆಂಗಸರಿಗೆ, ಬಹುಮಟ್ಟಿಗೆ ಏನೂ ಸಿಗಲಿಲ್ಲ. ಗಂಡ ಸತ್ತ ಮೇಲೆ ಎರಡೆಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಅದನ್ನು ಕಳೆದುಕೊಂಡರು, ದೊಡ್ಡ ಜಮೀನ್ದಾರರ ಸಾಲಿನಲ್ಲೇ ಅವರನ್ನೂ ನಿಲ್ಲಿಸಲಾಯಿತು. ಕಾಯ್ದೆಯ ಪರ ಇರುವವರೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಸಾಗರದ ಸೀಮೆಯಲ್ಲಿ ಇನ್ನೊಂದು ಲೆಕ್ಕವೂ ಬಾಕಿ ಇದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆಗಳು ನೀರಿನಡಿ ಸೇರಿದವು. ಅಲ್ಲಿನ ವಿದ್ಯುತ್ತು ಸರ್ಕಾರದ್ದು, ಲಾಭಕ್ಕೆಂದು ಹೊರಟ ಯಾವ ಖಾಸಗಿ ಬಂಡವಾಳಗಾರನೂ ನಡುವೆ ಇರಲಿಲ್ಲ. ಆ ಬೆಳಕಿನಲ್ಲಿ ಸರ್ಕಾರಿ ಕಾರ್ಖಾನೆಗಳೂ ನಡೆದವು, ಖಾಸಗಿ ಕಾರ್ಖಾನೆಗಳೂ ನಡೆದವು. ಮುಳುಗಡೆಯ ಜನರನ್ನು ಕಾಡಿನಂಚಿಗೆ ಕಳಿಸಲಾಯಿತು. ಅವರು ನೆಲ ಹಸನು ಮಾಡಿ ಅಡಿಕೆ, ಭತ್ತ ಬೆಳೆದರು, ಮೊಮ್ಮಕ್ಕಳನ್ನು ಕಂಡರು. ಆರು ದಶಕ ಕಳೆದರೂ ಅರಣ್ಯದ ಜಮೀನೆಂಬ ಕಾರಣಕ್ಕೆ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ಕೈಗೆ ಬಂದಿಲ್ಲ. ಸಾರ್ವಜನಿಕ ಒಡೆತನವನ್ನು ನಂಬುವ ನಾವು ಖಾಸಗಿ ಧಣಿಗಳನ್ನು ಪ್ರಶ್ನಿಸುವ ಮೊದಲು ಈ ಕುಟುಂಬಗಳ ಹೆಸರು ಪಹಣಿಯಲ್ಲಿ ಕೂರುವಂತೆ ಮಾಡಬೇಕು. ಅದಕ್ಕೆ ರಾಜ್ಯವೂ ಕೇಂದ್ರವೂ ಒಂದೇ ಮೇಜಿನ ಮುಂದೆ ಕೂತು ಅರಣ್ಯದ ಕಾನೂನಿನ ತೊಡಕನ್ನು ಬಿಡಿಸಬೇಕು, ಈ ತಲೆಮಾರಿನವರು ಬದುಕಿರುವಾಗಲೇ ಬಿಡಿಸಬೇಕು.

ನಮಸ್ಕಾರ.