ಮ್ಯಾಚ್ ನೋಡುವ ಮನಸ್ಸು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಮೊದಲಿನ ಹಾಗೆ ಮ್ಯಾಚ್ ನೋಡೋಕೆ ಮನಸ್ಸೇ ಬರಲ್ಲ ಮಾರಾಯ." ಭಾರತ ಸೋತರೆ ರಾತ್ರಿ ಊಟ ಬಿಡುತ್ತಿದ್ದವರು ಇವರೇ. ಈಗ ಯಾರು ಗೆದ್ದರು ಅಂತ ಮರುದಿನ ಪೇಪರಿನಲ್ಲಿ ನೋಡುತ್ತಾರೆ. ಕೇಳಿದರೆ ವಯಸ್ಸಾಯ್ತು, ಕೆಲಸ ಜಾಸ್ತಿಯಾಯ್ತು, ಸೋಲು ನೋಡಿ ನೋಡಿ ಸಾಕಾಯ್ತು ಅನ್ನುತ್ತಾರೆ. ವಯಸ್ಸು, ಕೆಲಸ ಸರಿ. ಸೋಲಿನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ವಾರದ ಕೊನೆಗೆ ಗೆದ್ದರೆ, ಅದರ ಹೆಸರಿರುವ ಬಟ್ಟೆ ಹಾಕಿಕೊಂಡು ಸೋಮವಾರ ಬರುವ ವಿದ್ಯಾರ್ಥಿಗಳು ಜಾಸ್ತಿ ಇರುತ್ತಿದ್ದರು. ಗೆದ್ದವರ ಪಕ್ಕ ನಿಲ್ಲೋದು ಮನುಷ್ಯನ ಸ್ವಭಾವ, ನಿಜ. ಆದರೆ ಐಪಿಎಲ್‌ನಲ್ಲಿ ನಮ್ಮ ಬೆಂಗಳೂರಿನ ತಂಡ ಆರ್‌ಸಿಬಿ ಕತೆ ನೋಡಿ. 2009, 2011, 2016ರಲ್ಲಿ ಫೈನಲ್‌ವರೆಗೆ ಬಂದು ಸೋತಿತು. ಆಮೇಲೂ "ಈ ಸಲ ಕಪ್ ನಮ್ದೇ" ಕೂಗು ಏರುತ್ತಲೇ ಹೋಯಿತು. ಸೋತ ಮರುದಿನವೂ ನೆಹರೂ ರಸ್ತೆಯಲ್ಲಿ ಆ ಜೆರ್ಸಿ ಹಾಕಿದ ಹುಡುಗರು ಓಡಾಡುತ್ತಿದ್ದರು. ಸೋಲನ್ನು ಹಂಚಿಕೊಳ್ಳೋಕೆ ಪಕ್ಕದಲ್ಲಿ ಜನ ಇದ್ದರೆ ಪ್ರೀತಿ ಸಾಯುವುದಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ.

1996ರ ಅಕ್ಟೋಬರ್ 21. ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೈಟನ್ ಕಪ್ ಪಂದ್ಯ. ಗೆಲ್ಲೋಕೆ 216 ಬೇಕು. ತೆಂಡೂಲ್ಕರ್ 88ಕ್ಕೆ ಔಟಾದಾಗ ಭಾರತ 8 ವಿಕೆಟ್‌ಗೆ 164. ಎಷ್ಟೋ ಮನೆಗಳಲ್ಲಿ ಆಗಲೇ ಟೀವಿ ಆರಿಸಿದರು. ಆಮೇಲೆ ಶ್ರೀನಾಥ್, ಕುಂಬ್ಳೆ ಇಬ್ಬರೇ ನಿಂತು 52 ರನ್ ಸೇರಿಸಿ ಗೆಲ್ಲಿಸಿದರು. ಸ್ಟ್ಯಾಂಡಿನಲ್ಲಿ ಅವರ ಅಮ್ಮಂದಿರು ಕೂತಿದ್ದನ್ನು ಟೀವಿಯಲ್ಲಿ ತೋರಿಸಿದರು. ನೆನಪಿದೆ ಅಲ್ವಾ?

ಆ ಕಾಲದ ಮಲೆನಾಡನ್ನು ನೆನಪಿಸಿಕೊಳ್ಳಿ. ಊರಿಗೊಂದೋ ಎರಡೋ ಟೀವಿ. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬ ಮಾಡು ಹತ್ತಬೇಕು, ಒಬ್ಬ ಕೆಳಗೆ ನಿಂತು "ಬಂತು, ಬಂತು" ಅನ್ನಬೇಕು. ಕರೆಂಟ್ ಹೋದರೆ ರೇಡಿಯೋ. ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತವರಿಗೆ ಕೈ ಒಂದು ಕಡೆ, ಕಿವಿ ಕಾಮೆಂಟರಿ ಕಡೆ. ಕ್ರಿಕೆಟ್ ಗೊತ್ತಿಲ್ಲದ ಅಜ್ಜಿಯೂ "ನಮ್ಮ ಹುಡುಗ ಇದ್ದಾನಾ, ಹೋದನಾ?" ಅಂತ ಕೇಳುತ್ತಿದ್ದರು. ಮ್ಯಾಚ್ ಅಂದರೆ ಆ ಜನ, ಆ ಮಾತು, ಆ ಜಗಳ ಎಲ್ಲಾ ಸೇರಿದ್ದು.

ಈಗ ಒಂದೇ ಮನೆಯಲ್ಲಿ ನಾಲ್ಕು ಫೋನು. ನಾಲ್ಕರಲ್ಲೂ ಅದೇ ಮ್ಯಾಚ್, ಒಂದರಲ್ಲಿ ಎರಡು ಬಾಲ್ ಹಿಂದೆ. ಒಂದು ಐಪಿಎಲ್‌ಗೆ 70ಕ್ಕೂ ಹೆಚ್ಚು ಪಂದ್ಯ. ಇವತ್ತಿನ ಸೋಲಿಗೆ ಬೇಜಾರು ಮಾಡಿಕೊಳ್ಳೋಕೂ ಪುರುಸೊತ್ತಿಲ್ಲ, ನಾಳೆ ಮತ್ತೊಂದು ಇದೆ. 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಹೊರಬಂದಾಗಲೂ ಎಷ್ಟೋ ಜನ ದೂರವಾದರು. ಆ ಗಾಯ ಬೇರೆ ಥರದ್ದು.

ಇನ್ನೊಂದು ಕಾರಣ ನನಗೆ ಬಹಳ ಕಾಡುತ್ತದೆ. ನಾವು ತಂಡವನ್ನು ಪ್ರೀತಿಸುತ್ತೇವೆ ಅಂದುಕೊಂಡಿರುತ್ತೇವೆ. ಹೆಚ್ಚಿನ ಸಲ ಪ್ರೀತಿಸಿದ್ದು ಕೆಲವು ಮನುಷ್ಯರನ್ನು. 2012ರ ಮಾರ್ಚ್‌ನಲ್ಲಿ ದ್ರಾವಿಡ್ ನಿವೃತ್ತರಾದ ಮೇಲೆ ಟೆಸ್ಟ್ ನೋಡೋದನ್ನೇ ಬಿಟ್ಟವರು ನನಗೆ ಗೊತ್ತು. ಇಲ್ಲಿರುವ ಹುಡುಗರಲ್ಲಿ ಕೆಲವರಿಗೆ ಕೊಹ್ಲಿ ಟೆಸ್ಟ್ ಬಿಟ್ಟ 2025ರ ಮೇ 12 ಅಂಥ ದಿನ. ಅಂಥವರನ್ನು ನಿಷ್ಠೆ ಇಲ್ಲದವರು ಅಂತ ಬೈಯಬೇಡಿ. ಅದೇ ವರ್ಷ ಜೂನ್ 3ಕ್ಕೆ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಅದಾದ ಮೇಲೆ ಯಾರಿಗಾದರೂ ಆ ಜೆರ್ಸಿ ಹಾಕೋಕೆ ಮನಸ್ಸಾಗದಿದ್ದರೆ, ಅವರ ಪ್ರೀತಿ ಕಡಿಮೆಯಾಯಿತು ಅಂತ ನಾನು ಹೇಳಲಾರೆ.

ಹಾಗಾದರೆ ಪ್ರೀತಿ ಇನ್ನೂ ಬಿಸಿಯಾಗಿರುವುದು ಎಲ್ಲಿ? ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೋಗಿ ನೋಡಿ. ಹೊಸನಗರ, ತೀರ್ಥಹಳ್ಳಿ ಕಡೆ ರಾತ್ರಿ ಲೈಟ್ ಹಾಕಿ ಆಡುವ ವಾಲಿಬಾಲ್, ಕಬಡ್ಡಿ ನೋಡಿ. ಅಲ್ಲಿ ರೈಡ್ ಹೋಗುವವನು ತಮ್ಮ, ಔಟ್ ಕೊಟ್ಟವನು ಭಾವ. ಹೆಸರು ಹಿಡಿದು ಕೂಗುತ್ತಾರೆ, ಅವನು ತಿರುಗಿ ನೋಡುತ್ತಾನೆ. ಐವತ್ತು ದಾಟಿದವರೂ ಹಗ್ಗ ದಾಟಿ ಒಳಗೆ ನುಗ್ಗುತ್ತಾರೆ. ವಯಸ್ಸಾಯ್ತು ಅನ್ನುವ ಕಾರಣ ಅಲ್ಲಿ ಯಾರೂ ಕೊಡುವುದಿಲ್ಲ.

ಭಾರತದ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಪಕ್ಕದ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೇ ಇನಿಂಗ್ಸಿನಲ್ಲಿ 137. ಇಂಥವರ ಜಿಲ್ಲೆಯಲ್ಲಿ, ಶಿವಮೊಗ್ಗದ ನವುಲೆ ಮೈದಾನಕ್ಕೇ ರಾಜ್ಯ ತಂಡಗಳ ರಣಜಿ ಟ್ರೋಫಿ ಪಂದ್ಯ ಬರುತ್ತದೆ. 2025ರ ಅಕ್ಟೋಬರ್‌ನಲ್ಲಿ ಗೋವಾ ವಿರುದ್ಧ ಕರುಣ್ ನಾಯರ್ ಔಟಾಗದೆ 174 ಹೊಡೆದದ್ದು ಅಲ್ಲೇ. ಕರ್ನಾಟಕ ರಣಜಿಯನ್ನು 8 ಸಲ ಗೆದ್ದ ತಂಡ. ಫೀಲ್ಡರ್‌ಗಳು ಒಬ್ಬರನ್ನೊಬ್ಬರು ಕೂಗುವುದು ಗ್ಯಾಲರಿಗೇ ಕೇಳಿಸುತ್ತದೆ, ಫೋನಿನಲ್ಲಿ ಅದು ಎಲ್ಲಿ ಸಿಗಬೇಕು?

ಮುಂದಿನ ರಣಜಿಗೆ ನಾನು ಅಲ್ಲಿರುತ್ತೇನೆ. ಮ್ಯಾಚ್ ನೋಡೋದು ಬಿಟ್ಟೆ ಅನ್ನುವ ಆ ಹಳೇ ಸ್ನೇಹಿತನಿಗೆ ಫೋನ್ ಮಾಡಿ, ಅವನನ್ನೂ ಕರ್ಕೊಂಡು ಬನ್ನಿ. ಈಗ ನಿಮ್ಮ ಪ್ರಶ್ನೆ ಏನಿದ್ದರೂ ಕೇಳಿ.