ಬೇಗ ಮುಗಿಸಿದ ಮಗುವಿಗೆ ಮುಂದೇನು ಕೆಲಸ?

ಕೇಳುಗರಿಗೆ ನಮಸ್ಕಾರ.

ನಾಲ್ಕನೆಯ ತರಗತಿಯಲ್ಲಿ ಗಣಿತದ ಅವಧಿ ನಡೆದಿದೆ ಎಂದುಕೊಳ್ಳಿ. ಶಿಕ್ಷಕಿ ಕರಿಹಲಗೆಯ ಮೇಲೆ ಹತ್ತು ಕಳೆಯುವ ಲೆಕ್ಕಗಳನ್ನು ಬರೆದಿದ್ದಾರೆ. ಹೆಚ್ಚಿನ ಮಕ್ಕಳು ಎರಡನೆಯ ಲೆಕ್ಕದಲ್ಲಿ ದಶಕವನ್ನು ಬಿಡಿಸುವುದು ಹೇಗೆಂದು ಪೆನ್ಸಿಲ್ ಕಚ್ಚುತ್ತಾ ಕುಳಿತಿರುವಾಗ, ಒಬ್ಬ ಹುಡುಗಿ ಹತ್ತನ್ನೂ ಮುಗಿಸಿ ಮೇಜಿನ ಮುಂದೆ ಬಂದು ನಿಲ್ಲುತ್ತಾಳೆ. ಉತ್ತರಗಳೆಲ್ಲ ಸರಿ. ಅವಧಿ ಮುಗಿಯಲು ಇನ್ನೂ ಅರ್ಧ ಗಂಟೆ ಇದೆ. ಈಗ ಆ ಹುಡುಗಿಗೆ ಏನು ಹೇಳಬೇಕು?

ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ನಿಮಗೂ ಗೊತ್ತು. "ಸರಿ, ಕೈಕಟ್ಟಿ ಕುಳಿತುಕೋ." "ಇನ್ನೂ ಹತ್ತು ಲೆಕ್ಕ ಕೊಡುತ್ತೇನೆ, ಮಾಡು." ಅಥವಾ, "ಪಕ್ಕದವನಿಗೆ ಹೇಳಿಕೊಡು." ಮೊದಲನೆಯದು ಕಾಲಹರಣ. ಎರಡನೆಯದು ಶಿಕ್ಷೆ. ಬೇಗ ಮುಗಿಸಿದರೆ ಕೆಲಸ ಹೆಚ್ಚುತ್ತದೆ ಎಂದು ಎರಡೇ ದಿನದಲ್ಲಿ ಅರಿತುಕೊಳ್ಳುವ ಮಗು ಮೂರನೆಯ ದಿನದಿಂದ ನಿಧಾನವಾಗಿ ಬರೆಯತೊಡಗುತ್ತದೆ. ಮೂರನೆಯ ಉತ್ತರವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಇನ್ನೊಬ್ಬರಿಗೆ ಹೇಳಿಕೊಡುವಾಗ ತನಗೆ ತಿಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಅದನ್ನೇ ಐದು ವರ್ಷ ಮಾಡಿಸಿದರೆ? ಜಾಣ ಮಗು ತರಗತಿಯ ಲೀಡರ್ ಆಗುತ್ತದೆ, ಗಲಾಟೆ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತದೆ, ಮನೆಗೆಲಸದ ಪುಸ್ತಕಗಳನ್ನು ಜೋಡಿಸುತ್ತದೆ, ಕಚೇರಿಯಿಂದ ಸೀಮೆಸುಣ್ಣ ತರುತ್ತದೆ. ಸಂಬಳವಿಲ್ಲದ ಸಹಶಿಕ್ಷಕಿಯಾಗಿ ಪ್ರಾಥಮಿಕ ಶಿಕ್ಷಣ ಮುಗಿಸುವ ಆ ಮಗುವಿಗೆ ಒಂದು ದಿನವೂ ತಲೆ ಕೆರೆದುಕೊಳ್ಳುವಂಥ ಲೆಕ್ಕ ಸಿಕ್ಕಿರುವುದಿಲ್ಲ.

ಹಿಂದುಳಿದ ಮಗುವಿಗಾಗಿ ನಮ್ಮಲ್ಲಿ ಕಾನೂನು ಇದೆ, ಯೋಜನೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲೆಯಿಂದ ಹೊರಗುಳಿದು ಮತ್ತೆ ಸೇರಿದ ಮಗುವಿಗೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. ಕೊರೊನಾ ಕಾಲದ ಕಲಿಕೆಯ ನಷ್ಟ ತುಂಬಲು ನಮ್ಮ ರಾಜ್ಯ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನು ನಡೆಸಿತು. ಇವೆಲ್ಲ ಆಗಲೇಬೇಕಾದ ಕೆಲಸಗಳು, ಮೊದಲು ಆಗಬೇಕಾದವು ಕೂಡ. ಮುಂದೆ ಓಡುವ ಮಗುವಿನ ಮಾತು ಬಂದಾಗ ಮಾತ್ರ, ಅದು ಹೇಗೋ ದಡ ಸೇರುತ್ತದೆ ಎಂಬ ಭರವಸೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಮಕ್ಕಳ ಬಗ್ಗೆ ನೇರವಾಗಿ ಮಾತನಾಡಿದೆ. ವಿಶೇಷ ಆಸಕ್ತಿ ತೋರುವ ಮಕ್ಕಳಿಗೆ ಪಠ್ಯದಾಚೆಯ ಸಾಮಗ್ರಿ ಕೊಡಬೇಕು, ವಿಷಯವಾರು ಕೂಟಗಳನ್ನು ಕಟ್ಟಬೇಕು, ಬಿ.ಇಡಿ. ಹಂತದಲ್ಲಿಯೇ ಶಿಕ್ಷಕರಿಗೆ ಇದರಲ್ಲಿ ಪರಿಣತಿ ಪಡೆಯುವ ಅವಕಾಶ ಇರಬೇಕು ಎಂದೆಲ್ಲ ಅದರಲ್ಲಿದೆ. ಕಾಗದದ ಮೇಲೆ ಚೆನ್ನಾಗಿದೆ. ನಾಲ್ಕನೆಯ ತರಗತಿಯ ಆ ಹುಡುಗಿಯ ಮೇಜಿನವರೆಗೆ ಅದು ಇನ್ನೂ ನಡೆದು ಬರಬೇಕು.

ಆದರೆ ನೀತಿಯ ದಾರಿ ಕಾಯಬೇಕಾಗಿಲ್ಲದ ಒಂದು ವ್ಯವಸ್ಥೆ ನಮ್ಮ ಕೈಯಲ್ಲಿಯೇ ಇದೆ. ಅದು ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮೀಣ ಶಾಲೆಗಳು ಪಾಠ ಮಾಡುವ ಕ್ರಮವನ್ನು ಕಣ್ಣಾರೆ ನೋಡಿ ಬಂದು, ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಸಿದ್ಧಪಡಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು.

ನಲಿ-ಕಲಿ ಕೋಣೆಯನ್ನು ನೋಡಿದವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟಿರುತ್ತದೆ. ನೆಲದ ಮೇಲೆ ದುಂಡಾಗಿ ಕುಳಿತ ಮಕ್ಕಳ ಗುಂಪುಗಳಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ. ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ದಾರಕ್ಕೆ ಕಟ್ಟಿದ ಮಕ್ಕಳ ಚಿತ್ರ-ಬರಹಗಳ ಚಪ್ಪರ. ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದಿರುತ್ತಾರೆ. ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಮೊದಲು ಶಿಕ್ಷಕರ ನೆರವಿನ ತಟ್ಟೆಯಲ್ಲಿ, ಆಮೇಲೆ ಗೆಳೆಯರ ನೆರವಿನಲ್ಲಿ, ಕೊನೆಗೆ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿ ಮುಂದಿನ ಮೆಟ್ಟಿಲಿಗೆ ಏರುತ್ತದೆ. ಸುಗ್ಗಿಗೋ ಜಾತ್ರೆಗೋ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ನಲಿ-ಕಲಿಯ ಈ ಗುಣವನ್ನು ಎಲ್ಲರೂ ಹೊಗಳುತ್ತಾರೆ. ಅದರ ಇನ್ನೊಂದು ಮಗ್ಗುಲನ್ನು ಗಮನಿಸಿದವರು ಕಡಿಮೆ. ಬೇಗ ಕಲಿಯುವ ಮಗು ಯಾರಿಗೂ ಕಾಯದೆ ಏರುತ್ತಾ ಹೋಗಬಹುದು. ಪಕ್ಕದ ಮಗು ಹನ್ನೆರಡನೆಯ ಮೈಲಿಗಲ್ಲಿನಲ್ಲಿದ್ದರೆ ಇದು ಇಪ್ಪತ್ತರಲ್ಲಿರಬಹುದು. ಯಾರೂ ಅದನ್ನು ಪ್ರತಿಭಾವಂತ ಎಂದು ಘೋಷಿಸಬೇಕಾಗಿಲ್ಲ, ಪರೀಕ್ಷೆ ನಡೆಸಬೇಕಾಗಿಲ್ಲ, ಪ್ರತ್ಯೇಕ ಕೋಣೆಯೂ ಬೇಡ. ಬೇರೆ ಬೇರೆ ವೇಗದ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸುವ ಇಂಥ ಏರ್ಪಾಡನ್ನು ನಾವು ಎಂದೋ ರೂಢಿಗೆ ತಂದಿದ್ದೇವೆ.

ಅದು ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆಯೇ ಎಂದರೆ, ಇಲ್ಲ. ಮೂರು ತರಗತಿಗಳಿಗೆ ಒಬ್ಬರೇ ಶಿಕ್ಷಕರು, ಹರಿದುಹೋದ ಕಾರ್ಡುಗಳು, ತುಂಬಿಸಬೇಕಾದ ದಾಖಲೆಗಳು, ಇವುಗಳ ನಡುವೆ ಇಡೀ ತರಗತಿಗೆ ಒಂದೇ ಕಾರ್ಡನ್ನು ಒಟ್ಟಿಗೆ ಓದಿಸುವುದೂ ಉಂಟು. ಆಗ ಏಣಿ ಗೋಡೆಯ ಅಲಂಕಾರ ಮಾತ್ರ. ಅದಕ್ಕಿಂತ ದೊಡ್ಡ ತೊಡಕು ನಾಲ್ಕನೆಯ ತರಗತಿಯಲ್ಲಿ ಕಾದಿದೆ. ಅಲ್ಲಿ ಏಣಿ ಇಲ್ಲ, ಕಾರ್ಡಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ ಒಂದೇ ಪುಟ. ಮೂರು ವರ್ಷ ತನ್ನ ಹೆಜ್ಜೆಯಲ್ಲಿ ನಡೆದ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಯಬೇಕು.

ಪ್ರತಿಭಾ ಕಾರಂಜಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಮತ್ತು ಅದು ನನಗೂ ಇಷ್ಟ. ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಆಶುಭಾಷಣ, ಮಣ್ಣಿನ ಮಾದರಿ ಎಂದು ಹಳ್ಳಿಯ ಮಕ್ಕಳಿಗೆ ಅದು ವೇದಿಕೆ ಕೊಡುತ್ತದೆ. ಆದರೆ ವೇದಿಕೆ ಇರುವುದು ತೋರಿಸುವುದಕ್ಕೆ, ಕಲಿಯುವುದು ಬೇರೆಲ್ಲೋ ಆಗಬೇಕು. ಜೇಡಿಮಣ್ಣಿನಲ್ಲಿ ಜೋಡೆತ್ತು ಮಾಡಿ ತಾಲ್ಲೂಕಿಗೆ ಮೊದಲನೆಯವನಾದ ಹುಡುಗನಿಗೆ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ಅವನ ಕೈಗೆ ಮತ್ತೆ ಮಣ್ಣು ಸಿಗುವುದು ಮುಂದಿನ ವರ್ಷದ ಕಾರಂಜಿಗೆ. ಗೆಲ್ಲಲೇಬೇಕೆಂಬ ಹಟಕ್ಕೆ ಬಿದ್ದ ಶಾಲೆ ಒಬ್ಬಳೇ ಹುಡುಗಿಯಿಂದ ಹಾಡನ್ನೂ ಭಾಷಣವನ್ನೂ ವೇಷವನ್ನೂ ಮಾಡಿಸುವ ತಮಾಷೆಯೂ ಇದರೊಳಗೇ ನಡೆಯುತ್ತದೆ.

ಇನ್ನು ಐದನೆಯ ತರಗತಿಗೆ ಬಂದರೆ ಬೇರೆಯೇ ಗಾಳಿ ಬೀಸುತ್ತದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಸೈನಿಕ ಶಾಲೆ, ಎಲ್ಲವೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುತ್ತವೆ. ಇವುಗಳಲ್ಲಿ ನವೋದಯದ ಕಲ್ಪನೆ ದೊಡ್ಡದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಅದು. ಜಿಲ್ಲೆಗೊಂದು ಶಾಲೆ, ಊಟ-ವಸತಿ-ಪಾಠ ಎಲ್ಲವೂ ಉಚಿತ, ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಕೂಲಿಯವರ ಮನೆಯಿಂದ ಹೋಗಿ ವೈದ್ಯರಾಗಿ, ಎಂಜಿನಿಯರಾಗಿ ಬಂದವರು ನಿಮ್ಮ ಊರಿನ ಸುತ್ತಮುತ್ತಲೂ ಇರಬಹುದು.

ಆದರೆ ಪರೀಕ್ಷೆಯ ಸ್ವರೂಪ ನೋಡಿ. ಎರಡು ಗಂಟೆ, 80 ಪ್ರಶ್ನೆಗಳು. ಅವುಗಳಲ್ಲಿ 40 ಮಾನಸಿಕ ಸಾಮರ್ಥ್ಯದ ಚಿತ್ರ ಪ್ರಶ್ನೆಗಳು, ಉಳಿದ 40ರಲ್ಲಿ ಅಂಕಗಣಿತ ಮತ್ತು ಭಾಷೆ ಸಮಪಾಲು. ಹೊಂದದ ಚಿತ್ರವನ್ನು ಗುರುತಿಸು, ಕನ್ನಡಿಯ ಬಿಂಬವನ್ನು ಆರಿಸು ಎಂಬಂಥ ಪ್ರಶ್ನೆಗಳು ಮಗುವಿನ ಸಹಜ ಬುದ್ಧಿಯನ್ನು ಅಳೆಯಬೇಕೆಂದು ಇಟ್ಟವು. ಅವನ್ನೇ ಸಾವಿರ ಸಲ ಉರು ಹೊಡೆಸುವ ತರಬೇತಿ ಕೇಂದ್ರಗಳು ಹುಟ್ಟಿಕೊಂಡವು. ವಿಜಯಪುರ, ಧಾರವಾಡದಂಥ ಕಡೆ ಇವುಗಳ ಫಲಕಗಳನ್ನು ನೋಡದೆ ಬಸ್ ನಿಲ್ದಾಣದಿಂದ ಹೊರಬರುವುದೇ ಕಷ್ಟ. ಹತ್ತು ವರ್ಷದ ಮಗು ತನ್ನ ಶಾಲೆ ಬಿಟ್ಟು ವರ್ಷವಿಡೀ ಅಲ್ಲಿ ಕುಳಿತು ಉತ್ತರದ ಗೋಲಗಳನ್ನು ಕಪ್ಪು ಮಾಡುವುದನ್ನು ಅಭ್ಯಾಸ ಮಾಡುತ್ತದೆ. ಹಣ ಕಟ್ಟಲಾಗದ ಮನೆಯ ಮಗು ತನಗಿಂತ ಹೆಚ್ಚು ತರಬೇತಿ ಪಡೆದವರ ಎದುರು ಬರಿಗೈಯಲ್ಲಿ ಕೂರುತ್ತದೆ. ನಿಜಕ್ಕೂ ಆ ಮಗುವಿಗಾಗಿಯೇ ತೆರೆದ ಶಾಲೆ ಅದು ಎಂಬುದು ಇಲ್ಲಿನ ವಿಪರ್ಯಾಸ.

ಒಂದು ಪರೀಕ್ಷೆಯಿಂದ ಪ್ರತಿಭೆಯನ್ನು ಹಿಡಿಯಲು ಹೋದವರ ಪ್ರಸಿದ್ಧ ಉದಾಹರಣೆಯೊಂದು ಅಮೆರಿಕದ್ದು. ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹುಡುಕಾಟ ಆರಂಭಿಸಿದ. ಶಿಕ್ಷಕರು ಜಾಣರೆಂದು ಸೂಚಿಸಿದ ಮಕ್ಕಳಿಗೆ ಬುದ್ಧಿಮತ್ತೆಯ ಪರೀಕ್ಷೆ ನಡೆಸಿ ಸಾವಿರದ ಐನೂರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡು ಅವರ ಬದುಕನ್ನು ದಶಕಗಳ ಕಾಲ ಗಮನಿಸಿದ. ಅವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬಾಳಿದರು. ಆದರೆ ಅಂಕ ಸಾಲದೆಂದು ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ.

ಹಾಗಾದರೆ ಶಿಕ್ಷಕರ ಕಣ್ಣನ್ನೇ ನೆಚ್ಚಿಕೊಳ್ಳೋಣವೇ? ಆ ಕಣ್ಣಿಗೂ ಸ್ವಲ್ಪ ತರಬೇತಿ ಬೇಕು. ನಮಗೆ ಜಾಣ ಮಗು ಎಂದರೆ ದುಂಡಗಿನ ಅಕ್ಷರ, ಬಾಚಿದ ತಲೆ, ಕೇಳಿದ ಕೂಡಲೇ ಎತ್ತಿದ ಕೈ. ಕೆದರಿದ ಬರಹದ, ಪಾಠದ ನಡುವೆ ಅಡ್ಡಪ್ರಶ್ನೆ ಹಾಕುವ, ಒಂದೇ ವಿಷಯಕ್ಕೆ ಅಂಟಿಕೊಂಡು ಉಳಿದುದರಲ್ಲಿ ಸೋಲುವ ಮಗು ತಲೆಹರಟೆಯ ಪಟ್ಟಿಗೆ ಸೇರಿಹೋಗುತ್ತದೆ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಬೆಳೆದ ಮಗುವಿಗೆ ಮೊದಲೆರಡು ವರ್ಷ ಕನ್ನಡವೇ ತೊಡಕಾದರೆ ಅದರ ಚುರುಕು ಯಾರಿಗೂ ಕಾಣುವುದಿಲ್ಲ. ಜೋಸೆಫ್ ರೆಂಜುಲಿ ಎಂಬ ಶಿಕ್ಷಣತಜ್ಞ 1978ರಲ್ಲಿಯೇ ಹೇಳಿದ್ದು ಇಲ್ಲಿ ಉಪಯುಕ್ತ. ಸಾಮಾನ್ಯಕ್ಕಿಂತ ಹೆಚ್ಚಿನ ಸಾಮರ್ಥ್ಯ, ಹೊಸದನ್ನು ಕಟ್ಟುವ ಗುಣ, ಹಿಡಿದ ಕೆಲಸ ಬಿಡದ ಛಲ, ಈ ಮೂರೂ ಕೂಡಿದ ಕಡೆ ಪ್ರತಿಭೆಯನ್ನು ನೋಡಿ ಎಂದ ಅವರು. ಛಲವನ್ನು ಎರಡು ಗಂಟೆಯ ಪರೀಕ್ಷೆ ಅಳೆಯಲಾರದು. ದಿನವೂ ನೋಡುವ ಶಿಕ್ಷಕಿಗೆ ಮಾತ್ರ ಅದು ಕಾಣುತ್ತದೆ, ಅದೂ ಮಗುವಿಗೆ ಕಷ್ಟದ ಕೆಲಸ ಕೊಟ್ಟಾಗ.

ಕಷ್ಟದ ಕೆಲಸ ಎಂದರೆ ಮುಂದಿನ ತರಗತಿಯ ಪುಸ್ತಕವೇ ಆಗಬೇಕಾಗಿಲ್ಲ. ಮೊದಲು ಹೇಳಿದ ಆ ಕಳೆಯುವ ಲೆಕ್ಕಗಳನ್ನೇ ತೆಗೆದುಕೊಳ್ಳೋಣ. ಹತ್ತು ಲೆಕ್ಕ ಬರೆಯುವ ಬದಲು ಶಿಕ್ಷಕಿ ಹೀಗೆ ಹೇಳಲಿ: "ಮೂರು ಅಂಕಿಯ ಒಂದು ಸಂಖ್ಯೆ ಬರೆಯಿರಿ. ಅದನ್ನು ಹಿಂದುಮುಂದು ಮಾಡಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ." ಒಂದು ಮಗು 452 ಬರೆಯುತ್ತದೆ, ಹಿಂದುಮುಂದು ಮಾಡಿದರೆ 254, ಕಳೆದರೆ 198. ಇನ್ನೊಂದು 731ರಿಂದ 137 ಕಳೆದು 594 ಎನ್ನುತ್ತದೆ. ಮತ್ತೊಂದು 915ರಿಂದ 519 ಕಳೆದು 396 ಎನ್ನುತ್ತದೆ. ಉತ್ತರಗಳು ಹಲಗೆಯ ಮೇಲೆ ಸಾಲಾಗಿ ಬರಲಿ. ಕಳೆಯುವುದನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ಬೇಕಾದಷ್ಟು ಅಭ್ಯಾಸ ಸಿಕ್ಕಿತು. ಅಷ್ಟರಲ್ಲಿ ಯಾರೋ ಕೂಗುತ್ತಾರೆ, ನಡುವೆ ಯಾವಾಗಲೂ ಒಂಬತ್ತೇ ಬರುತ್ತಿದೆ! ಇನ್ನೊಬ್ಬರು, ಅದರ ಅಕ್ಕಪಕ್ಕದ ಎರಡು ಅಂಕಿ ಕೂಡಿದರೂ ಒಂಬತ್ತು! ನಮ್ಮ ಹುಡುಗಿ ಅಲ್ಲಿಗೂ ನಿಲ್ಲದೆ, ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸ ಗೊತ್ತಾದರೆ ಸಾಕು, ಕಳೆಯದೆಯೇ ಉತ್ತರ ಹೇಳುತ್ತೇನೆ ಎನ್ನಬಹುದು. ವ್ಯತ್ಯಾಸ ಎರಡಾದರೆ ಎರಡು ಸಲ ತೊಂಬತ್ತೊಂಬತ್ತು, ಆರಾದರೆ ಆರು ಸಲ ತೊಂಬತ್ತೊಂಬತ್ತು. ಈಗ ಶಿಕ್ಷಕಿ ಒಂದೇ ಪ್ರಶ್ನೆ ಕೇಳಿದರೆ ಸಾಕು: "ಯಾಕೆ ಹಾಗೆ?" ಮತ್ತೂ ಬೇಕೆಂದರೆ, ನಾಲ್ಕು ಅಂಕಿಯ ಸಂಖ್ಯೆಗೂ ಇದು ನಡೆಯುತ್ತದೆಯೇ ನೋಡು. ಆ ಹುಡುಗಿಗೆ ಮನೆಗೆ ಹೋಗುವ ದಾರಿಯಲ್ಲೂ ಕೆಲಸ ಸಿಕ್ಕಿತು. ಶಾಲೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಓದಿನಲ್ಲಿ ಮುಂದಿರುವ ಮಗುವಿನ ಪಾಡು ಇನ್ನೂ ವಿಚಿತ್ರ. ಅದಕ್ಕೆ ಬೇಕಾದದ್ದು ಶಾಲೆಯಲ್ಲಿಯೇ ಇರುತ್ತದೆ, ಆದರೆ ಬೀರುವಿನೊಳಗೆ. ಪುಸ್ತಕ ಕಳೆದರೆ ದಾಸ್ತಾನು ವಹಿಗೆ ಉತ್ತರ ಹೇಳುವವರು ಯಾರು ಎಂಬ ಭಯಕ್ಕೆ ಬೀಗ ಬಿದ್ದಿರುತ್ತದೆ. ನಾಲ್ಕು ಪುಸ್ತಕ ಹರಿದುಹೋಗಲಿ ಎನ್ನುವ ಧೈರ್ಯ ಮುಖ್ಯ ಶಿಕ್ಷಕರಿಗೆ ಬರಬೇಕು, ಅದಕ್ಕೆ ಮೇಲಿನವರ ಬೆಂಬಲವೂ ಬೇಕು. ಅಲ್ಲಿಯವರೆಗೆ ಪೋಷಕರಿಗೆ ಇನ್ನೊಂದು ದಾರಿ ಇದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಮಗುವನ್ನು ಕರೆದುಕೊಂಡು ಹೋಗಿ ಒಮ್ಮೆ ಹೆಸರು ಬರೆಸಿದರೆ ಆಯಿತು.

ಹಿಂದೆ ಡಬಲ್ ಪ್ರಮೋಷನ್ ಎಂಬುದೊಂದಿತ್ತು. ಚುರುಕಾದ ಹುಡುಗನನ್ನು ಮೂರರಿಂದ ನೇರವಾಗಿ ಐದಕ್ಕೆ ಹಾಕುತ್ತಿದ್ದ ಮುಖ್ಯೋಪಾಧ್ಯಾಯರ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಗಣಿತದಲ್ಲಿ ಮುಂದಿರುವ ಮಗು ಎಲ್ಲದರಲ್ಲೂ ಮುಂದಿರಬೇಕೆಂದಿಲ್ಲವಾದ್ದರಿಂದ ನನಗೆ ಅದರ ಮೇಲೆ ಅಷ್ಟು ಮೋಹವಿಲ್ಲ. ಒಂದು ವಿಷಯಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸುವುದು ಹೆಚ್ಚು ಹದವಾದದ್ದು. ಇದರಲ್ಲಿ ನಮ್ಮ ಚಿಕ್ಕ ಹಳ್ಳಿ ಶಾಲೆಗಳಿಗೆ ದೊಡ್ಡ ಶಾಲೆಗಳಿಗಿಲ್ಲದ ಅನುಕೂಲವಿದೆ. ಇಪ್ಪತ್ತು-ಇಪ್ಪತ್ತೈದು ಮಕ್ಕಳ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳು ಹೇಗೂ ಒಂದೇ ಕೋಣೆಯಲ್ಲಿರುತ್ತವೆ. ಐದರ ಪಾಠ ನಾಲ್ಕರ ಮಗುವಿನ ಕಿವಿಗೆ ಹೇಗೂ ಬೀಳುತ್ತಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದರ ಹೆಸರು ನಾಲ್ಕರಲ್ಲಿಯೇ ಇರಲಿ. ಐದರ ಗಣಿತ ನಡೆಯುವಾಗ ಆ ಸಾಲಿಗೆ ಸರಿದು ಕುಳಿತುಕೋ ಎಂದರೆ ಸಾಕು. ದೊಡ್ಡ ಶಾಲೆಯಲ್ಲಾದರೆ ಎರಡೂ ತರಗತಿಗಳ ಗಣಿತ ಒಂದೇ ಅವಧಿಗೆ ಬರುವಂತೆ ವೇಳಾಪಟ್ಟಿಯನ್ನು ಜೂನ್‌ನಲ್ಲಿಯೇ ಹೊಂದಿಸಿಕೊಳ್ಳಬೇಕಾಗುತ್ತದೆ. ಮುಖ್ಯ ಶಿಕ್ಷಕರು ಮೊದಲ ವಾರದಲ್ಲಿ ಪೆನ್ಸಿಲ್ ಹಿಡಿದು ಕುಳಿತರೆ ಅರ್ಧ ಗಂಟೆಯ ಕೆಲಸ.

ನಮಸ್ಕಾರ.