ಬೀಗ ಬಾಗಿಲಿಗೆ ಹಾಕಿದ್ದು, ನಲ್ಲಿಗಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದು ದಿನ ಮೈಸೂರಿನಿಂದ ನನ್ನ ಅಕ್ಕ ಫೋನ್ ಮಾಡಿದಳು. ಮಾತು ಶುರುವಾಗಿದ್ದೇ ಹೀಗೆ. "ಅಲ್ಲ ಕಣೇ, ಬೀಗ ಹಾಕಿದ ಮನೇಲಿ ಅಷ್ಟೊಂದು ನೀರು ಯಾರು ಕುಡಿದ್ರು? ದೆವ್ವಕ್ಕೂ ಬಾಯಾರಿಕೆ ಆಗುತ್ತಾ?"

ಅಕ್ಕನ ಮನೆ ಇರುವುದು ಇಲ್ಲೇ ಚಿಕ್ಕಮಗಳೂರಿನ ಕೋಟೆ ಕಡೆ. ಭಾವ ತೀರಿಕೊಂಡ ಮೇಲೆ ಅವಳು ಮಗಳ ಮನೆ ಸೇರಿಕೊಂಡಳು. ಬೀಗದ ಕೈ ನನ್ನ ಹತ್ತಿರ ಇದೆ. ಇಂಥ ಮನೆಗಳು ಈಗ ನಮ್ಮ ಬೀದಿಯಲ್ಲೇ ಮೂರಿವೆ. ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ಅವರ ಜೊತೆ. ಮನೆ ಮಾತ್ರ ಗೇಟಿಗೆ ಬೀಗ ಹಾಕಿಕೊಂಡು, ದೀಪಾವಳಿಗೆ ಯಾರಾದರೂ ಬಂದಾರು ಅಂತ ಕಾಯುತ್ತಾ ನಿಂತಿರುತ್ತದೆ.

ಅಕ್ಕನ ತಕರಾರು ಹೊಸದೇನಲ್ಲ. ಮೊದಲ ಕೆಲವು ತಿಂಗಳೂ ನೀರಿನ ಬಿಲ್ ಬರುತ್ತಲೇ ಇತ್ತು. ಸಣ್ಣ ಮೊತ್ತ. ಆಗಲೂ ಅವಳು ಗೊಣಗಿದ್ದಳು, "ಒಂದು ಚೊಂಬು ನೀರೂ ಹಿಡಿದಿಲ್ಲ, ದುಡ್ಡು ಯಾಕೆ ಕೊಡಬೇಕು?" ಅಂತ. ನ್ಯಾಯವಾದ ಪ್ರಶ್ನೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಇದಕ್ಕೆ ಉತ್ತರ ಬೇಕಾದರೆ ನಮ್ಮೂರಿನ ನೀರು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಹಿರೇಕೊಳಲೆ ಕೆರೆ ಒಂದು. ಇನ್ನೊಂದು ಯಗಚಿ ನದಿ. ಯಗಚಿ ಹುಟ್ಟುವುದು ನಮ್ಮದೇ ಬಾಬಾಬುಡನ್ ಗಿರಿಯ ಸಾಲಿನಲ್ಲಿ. ನಮ್ಮ ಕಣ್ಣೆದುರೇ ಇಳಿದು ಬೇಲೂರಿಗೆ ಹೋಗುತ್ತದೆ. ಅಲ್ಲಿ ಅಣೆಕಟ್ಟೆಯಲ್ಲಿ ನಿಂತ ನೀರನ್ನು ಸುಮಾರು 25 ಕಿಲೋಮೀಟರ್ ದೂರದಿಂದ ನಾವು ಮತ್ತೆ ಮೇಲಕ್ಕೆ ಎತ್ತಿಸಿಕೊಳ್ಳುತ್ತೇವೆ. ತವರಿನ ಮಗಳನ್ನು ಗಂಡನ ಮನೆಯಿಂದ ಕಾರು ಮಾಡಿ ಕರೆಸಿಕೊಂಡ ಹಾಗೆ. ಎತ್ತುವ ಪಂಪಿಗೆ ಕರೆಂಟು ಬೇಕು. ಶುದ್ಧ ಮಾಡಲು ಆಲಂ, ಕ್ಲೋರಿನ್ ಬೇಕು. ಪೈಪು ಒಡೆದರೆ ಜನ ಬೇಕು. ನೀರುಗಂಟಿ ವಾಲ್ವ್ ತಿರುಗಿಸಿದಾಗ ನೀರು ನಿಮ್ಮ ಮನೆ ಗೇಟಿನ ತನಕ ಬಂದು ನಿಂತಿರುತ್ತದೆ. ನೀವು ಹಿಡಿಯುತ್ತೀರೋ ಬಿಡುತ್ತೀರೋ, ಅಷ್ಟು ಖರ್ಚು ಆಗಿಯೇ ಹೋಗಿರುತ್ತದೆ. ಕನಿಷ್ಠ ಶುಲ್ಕ ಅಂತ ವಸೂಲಿ ಮಾಡುವುದು ಇದನ್ನೇ. ಅದು ನೀರಿನ ಬೆಲೆ ಅನ್ನುವುದಕ್ಕಿಂತ ಸಂಪರ್ಕದ ಬಾಡಿಗೆ ಅನ್ನಬಹುದು.

ಒಳಚರಂಡಿಯದೂ ಇದೇ ಕಥೆ. ನಮ್ಮ ಬಾಯಲ್ಲಿ ಯುಜಿಡಿ. ಮ್ಯಾನ್‌ಹೋಲ್ ಕಟ್ಟಿಕೊಂಡರೆ ಬಿಡಿಸಬೇಕು. ಕೊಳಚೆ ನೀರನ್ನು ಊರಾಚೆ ಒಯ್ದು ಶುದ್ಧ ಮಾಡಬೇಕು. ನಿಮ್ಮ ಮನೆಯಿಂದ ಎಷ್ಟು ಕೊಳಚೆ ಹೋಯಿತು ಅಂತ ಅಳೆಯಲು ಅಲ್ಲಿ ಮೀಟರ್ ಇಲ್ಲ. ಹಾಗಾಗಿ ಎಷ್ಟೋ ಕಡೆ ಇಂತಿಷ್ಟು ಅಂತ ಹಾಕುತ್ತಾರೆ, ಇಲ್ಲವೇ ನೀರಿನ ಮೊತ್ತದ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುತ್ತಾರೆ. ಇಲ್ಲಿ ಒಂದು ಮಾತು. ನಿಮ್ಮ ಮನೆಗೆ ಯುಜಿಡಿ ಸಂಪರ್ಕವೇ ಇಲ್ಲದೆ, ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ, ಬಿಲ್ಲಿನಲ್ಲಿ ಒಳಚರಂಡಿ ಸಾಲು ಇದೆಯಾ ನೋಡಿ. ಇದ್ದರೆ ಹೋಗಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಇನ್ನು ಅಕ್ಕನ ದೆವ್ವದ ವಿಚಾರಕ್ಕೆ ಬರೋಣ. ಆ ಸಲದ ಬಿಲ್ ಹಿಂದಿನದರ ನಾಲ್ಕೈದು ಪಟ್ಟು ಇತ್ತು.

ಮೊದಲು ನಾನು ಬೈದುಕೊಂಡಿದ್ದು ಬಿಲ್ ಬರೆದವರನ್ನು. ಮನೆಗೆ ಬೀಗ ಇದ್ದಾಗ, ಮೀಟರ್ ಕಾಂಪೌಂಡಿನ ಒಳಗಿದ್ದರೆ, ಓದಲು ಬಂದವರು 'ಡೋರ್ ಲಾಕ್' ಅಂತ ಬರೆದು ಹಿಂದಿನ ತಿಂಗಳುಗಳ ಸರಾಸರಿ ಹಾಕಿ ಹೋಗುವುದುಂಟು. ಮನೆ ತುಂಬ ಜನ ಇದ್ದಾಗಿನ ಸರಾಸರಿ ಖಾಲಿ ಮನೆಗೆ ಬಿದ್ದರೆ ಹೇಗಿರುತ್ತದೆ ಹೇಳಿ. ಆದರೆ ಅಕ್ಕನ ಮೀಟರ್ ಗೇಟಿನ ಪಕ್ಕದಲ್ಲೇ, ಬೀದಿಗೆ ಕಾಣುವ ಹಾಗಿದೆ. ಬಿಲ್ಲಿನಲ್ಲಿದ್ದ ಅಂಕಿಗೂ ಮೀಟರಿನ ಕಪ್ಪು ಅಂಕಿಗೂ ತಾಳೆ ನೋಡಿದೆ. ಸರಿಯಾಗಿಯೇ ಇತ್ತು. ಸುಮ್ನೆ ಬೈದುಕೊಂಡಿದ್ದಾಯಿತು.

ಮೀಟರ್ ಓದುವುದು ಕಷ್ಟವಲ್ಲ. ಕಪ್ಪು ಅಂಕಿಗಳು ಕಿಲೋಲೀಟರ್. ಒಂದು ಕಿಲೋಲೀಟರ್ ಅಂದರೆ 1,000 ಲೀಟರ್, ಅಂದರೆ ಮನೆ ಮೇಲಿನ ಸಾಧಾರಣ ಸಿಂಟೆಕ್ಸ್ ಟ್ಯಾಂಕ್ ಒಂದು ಸಲ ತುಂಬುವಷ್ಟು. ಕೆಂಪು ಬಣ್ಣದಲ್ಲಿರುವುದೆಲ್ಲ ಅದರ ಚಿಲ್ಲರೆ. ಮಧ್ಯದಲ್ಲಿ ಒಂದು ಪುಟ್ಟ ಚಕ್ರವೋ ತ್ರಿಕೋನವೋ ಇರುತ್ತದೆ. ಮನೆಯ ಎಲ್ಲ ನಲ್ಲಿ ಮುಚ್ಚಿದ್ದಾಗಲೂ ಅದು ತಿರುಗುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ ಅಂತ ಅರ್ಥ. ಆದರೆ ಇದನ್ನು ನೀರು ಬಿಡುವ ಹೊತ್ತಿನಲ್ಲೇ ನೋಡಬೇಕು. ನಾನು ಎರಡು ಸಲ ಸಂಜೆ ಹೋಗಿ ನೋಡಿ, ಏನೂ ತಿರುಗುತ್ತಿಲ್ಲ ಅಂತ ವಾಪಸ್ ಬಂದಿದ್ದೆ. ಪೈಪಿನಲ್ಲಿ ನೀರೇ ಇಲ್ಲದಾಗ ತಿರುಗುವುದಾದರೂ ಹೇಗೆ?

ಮೂರನೇ ಸಲ ಬೆಳಿಗ್ಗೆ ನೀರು ಬಿಟ್ಟಾಗ ಹೋದೆ. ಚಕ್ರ ಬುಗುರಿಯ ಹಾಗೆ ಸುತ್ತುತ್ತಿತ್ತು. ಮನೆ ಒಳಗೆಲ್ಲ ಒಣಗಿತ್ತು. ಹಿತ್ತಲಿಗೆ ಹೋದರೆ ಬಾಳೆಗಿಡ ಸೊಂಪಾಗಿ ಬೆಳೆದು ನಿಂತಿದೆ! ತಲೆ ಎತ್ತಿ ನೋಡಿದೆ. ಟ್ಯಾಂಕ್ ತುಂಬಿ, ಹೆಚ್ಚಿನ ನೀರಿನ ಪೈಪಿನಿಂದ ಧಾರೆ ನೇರ ಬಾಳೆಯ ಬುಡಕ್ಕೆ ಬೀಳುತ್ತಿತ್ತು. ಟ್ಯಾಂಕಿನೊಳಗೆ ತೇಲುವ ಚೆಂಡು ಸೀಳಿ ನೀರು ತುಂಬಿಕೊಂಡು ಮುಳುಗಿತ್ತು. ಅದು ಮೇಲೆ ಬಂದರೆ ತಾನೇ ವಾಲ್ವ್ ಮುಚ್ಚುವುದು? ಮಳೆಗಾಲವಾದ್ದರಿಂದ ಪಕ್ಕದ ಮನೆಯವರಿಗೂ ನೀರು ಬೀಳುವ ಸದ್ದು ಬೇರೆ ಅನ್ನಿಸಿರಲಿಲ್ಲ.

ನಿಮಿಷಕ್ಕೆ 10 ಲೀಟರ್ ಅಂತ ಇಟ್ಟುಕೊಳ್ಳಿ. ಮೂರು ಗಂಟೆ ನೀರು ಬಿಟ್ಟರೆ 1,800 ಲೀಟರ್. ದಿನ ಬಿಟ್ಟು ದಿನ, ತಿಂಗಳಿಗೆ 15 ಸಲ ಅಂದರೆ 27,000 ಲೀಟರ್. ಇದು ಹಣದಲ್ಲಿ ಎಷ್ಟು? ದರ ಊರಿಂದ ಊರಿಗೆ ಬೇರೆ. ಬೆಂಗಳೂರಿನಲ್ಲಿ 2014ರಿಂದ 2025ರ ಏಪ್ರಿಲ್‌ನಲ್ಲಿ ದರ ಏರುವ ತನಕ ಇದ್ದ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಗಳಿಗೆ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ. ಅಂದರೆ ಒಂದು ಹನಿ ಬಳಸದಿದ್ದರೂ ಕನಿಷ್ಠ 56 ರೂಪಾಯಿ. ಅಲ್ಲಿಂದ 25,000ದ ತನಕ ಸಾವಿರಕ್ಕೆ 11. ಅದರ ಮೇಲೆ 50,000ದ ತನಕ 26. ಈಗ 27,000 ಲೀಟರಿಗೆ ಕೂಡಿಸಿ ನೋಡಿ. 56, 187, ಮತ್ತೆ 52. ನೀರಿಗೇ 295 ರೂಪಾಯಿ. ಖಾಲಿ ಮನೆಗೆ! ಒಳಚರಂಡಿ ಶುಲ್ಕವೂ ಹಾಗೇ ಏರಿತು. ಕನಿಷ್ಠ ಬಳಕೆಗೆ 14 ರೂಪಾಯಿ ಇದ್ದದ್ದು, ಹೆಚ್ಚು ಬಳಸಿದರೆ ನೀರಿನ ಮೊತ್ತದ ಶೇಕಡಾ 25. ಬಾಳೆಗಿಡ ಕುಡಿದ ನೀರು ಚರಂಡಿಗೆ ಹೋಗಲೇ ಇಲ್ಲವಲ್ಲ ಅಂತ ವಾದ ಮಾಡಬಹುದು. ಆದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ.

ತಮಾಷೆ ಏನೆಂದರೆ, ಹನಿ ಹನಿ ಸೋರುವ ನಲ್ಲಿ ಇಷ್ಟು ಮೋಸ ಮಾಡುವುದಿಲ್ಲ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ 20 ಲೀಟರ್ ಚಿಲ್ಲರೆ. ತಿಂಗಳಿಗೆ ಒಂದು ಟ್ಯಾಂಕೂ ತುಂಬುವುದಿಲ್ಲ. ಕನಿಷ್ಠ ಶುಲ್ಕದೊಳಗೇ ಮುಗಿದುಹೋಗುತ್ತದೆ. ನಾವು ಹೆದರುವುದು ಅದಕ್ಕೆ. ದುಡ್ಡು ತಿನ್ನುವುದು ಟ್ಯಾಂಕು ಮತ್ತು ಸಂಪು.

ಆದ್ದರಿಂದ ಊರು ಬಿಡುವ ಮುಂಚೆ ಮೀಟರ್ ಪಕ್ಕದ ಗೇಟ್‌ವಾಲ್ವ್ ಮುಚ್ಚಿ. ತುಕ್ಕು ಹಿಡಿದಿದ್ದರೆ ಪ್ಲಂಬರ್ ಕರೆಸಿ ಬದಲಾಯಿಸಿ. ಹೊರಡುವ ದಿನದ ಮೀಟರ್ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಸರಾಸರಿ ಬಿಲ್ ಬಂದರೆ ಆ ಫೋಟೋ ಹಿಡಿದು ಮಾತಾಡಬಹುದು. ಮನೆ ಖಾಲಿ ಇದೆ ಅಂತ ಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದದ್ದು ಗಾಳಿಗೆ ಹೋಯಿತು ಅಂತಲೇ ತಿಳಿಯಿರಿ. ಮೀಟರೇ ಇಲ್ಲದ ಸಂಪರ್ಕವಾದರೆ ತಿಂಗಳಿಗೆ ಇಂತಿಷ್ಟು ಅಂತ ಬರುತ್ತಲೇ ಇರುತ್ತದೆ. ವಾಲ್ವ್ ಮುಚ್ಚಿದರೂ ಅದು ಕಡಿಮೆ ಆಗುವುದಿಲ್ಲ.

ಸಂಪರ್ಕವನ್ನೇ ಕಡಿಸಿಬಿಡೋಣವಾ ಅಂತ ಅಕ್ಕ ಕೇಳಿದಳು. ನಾನು ಬೇಡ ಅಂದೆ. ಮತ್ತೆ ನೀರು ಬೇಕಾದಾಗ ಹೊಸ ಅರ್ಜಿ, ಠೇವಣಿ, ರಸ್ತೆ ಅಗೆಯುವ ಶುಲ್ಕ, ಪ್ಲಂಬರ್ ಕೂಲಿ ಎಲ್ಲ ಸೇರಿದರೆ ಎಷ್ಟೋ ವರ್ಷದ ಕನಿಷ್ಠ ಶುಲ್ಕ ಅಲ್ಲಿಗೇ ಹೋಗುತ್ತದೆ. ಮನೆ ಕೆಡವುವುದಾದರೆ, ಇನ್ನು ಯಾರೂ ಬರುವುದೇ ಇಲ್ಲ ಅನ್ನುವುದಾದರೆ ಮಾತು ಬೇರೆ. ಆಗ ಬಾಕಿ ಕಟ್ಟಿ, ಲಿಖಿತವಾಗಿ ಕಡಿತ ಕೇಳಿ, ಆದೇಶದ ಪ್ರತಿ ಇಟ್ಟುಕೊಳ್ಳಿ. ಬಿಲ್ ಕಟ್ಟದೆ ಸುಮ್ಮನಿದ್ದರೆ ಸಂಪರ್ಕ ತಾನಾಗಿ ರದ್ದಾಗುತ್ತದೆ ಅಂದುಕೊಳ್ಳಬೇಡಿ. ಬಾಕಿ ಬೆಳೆಯುತ್ತದೆ. ಮನೆ ಮಾರುವಾಗ, ಖಾತೆ ಬದಲಾಯಿಸುವಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಇನ್ನೊಂದು ವಿಷಯ. ಇದು ಬಿಲ್ಲಿಗೆ ಸಂಬಂಧಿಸಿದ್ದಲ್ಲ, ಮೂಗಿಗೆ ಸಂಬಂಧಿಸಿದ್ದು. ಅಕ್ಕನ ಬಚ್ಚಲಲ್ಲಿ ಗಬ್ಬು ನಾತ. ಖಾಲಿ ಮನೆಯಲ್ಲಿ ಯಾಕೆ? ಬಚ್ಚಲ ತೂತಿನ ಕೆಳಗೆ, ಸಿಂಕಿನ ಕೆಳಗೆ ಪೈಪು ಬಾಗಿದ ಕಡೆ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಚರಂಡಿಯ ಗಾಳಿಗೆ ಅದೇ ತಡೆ. ಬಳಸದಿದ್ದರೆ ಕೆಲವು ವಾರಗಳಲ್ಲಿ ಆ ನೀರು ಆರಿಹೋಗುತ್ತದೆ. ನಾತ, ಜಿರಳೆ ಎರಡೂ ನೇರ ಒಳಗೆ. ತಿಂಗಳಿಗೊಮ್ಮೆ ಪ್ರತಿ ತೂತಿಗೂ ಅರ್ಧ ಬಕೆಟ್ ನೀರು ಸುರಿದರೆ ಸಾಕು. ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಹಾಗೆ ನೋಡಿದರೆ ಖಾಲಿ ಮನೆಗೂ ಒಂದಿಷ್ಟು ನೀರು ಬೇಕೇ ಬೇಕು.

ಚೆಂಡು ಬದಲಾಯಿಸಿದ ಮೇಲೆ ಬಿಲ್ ಮೊದಲಿನ ಹಾಗೇ ಆಯಿತು. ಬಾಳೆ ಗೊನೆ ಬಿಟ್ಟಿತು. ಮೈಸೂರಿಗೆ ಕಳಿಸಿದೆ. ಅಕ್ಕ ತಿಂದು ಫೋನ್ ಮಾಡಿ, "ಇಷ್ಟು ದುಬಾರಿ ಬಾಳೆಹಣ್ಣು ನಾನು ಜನ್ಮದಲ್ಲಿ ತಿಂದಿರಲಿಲ್ಲ ಕಣೇ" ಅಂದಳು.

ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನ. ಬೆಳಿಗ್ಗೆ ಬೇಗ ಎದ್ದು ಅಕ್ಕನ ಮನೆಯ ಮೀಟರ್ ನೋಡಿಬರಬೇಕು. ನಮಸ್ಕಾರ.